ಲಕ್ಕಿ ಎಲೆಯ ಬೆಳ್ಳಿ

ಕಷಾಯದ ಹನಿ ಬಿದ್ದೊಡನೆ ಬೀಕರಿನ ನೀರು ಮಜ್ಜಿಗೆಯಂತಾಯಿತು.

ಸಮತಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಲಕ್ಕಿ ಗಿಡದ ಎಲೆಯ ಕಷಾಯ ಸೇರಿದರೆ ಬೆಳ್ಳಿಯ ದ್ರಾವಣ ಮೆಲ್ಲಗೆ ಹಳದಿಗೆ, ಆಮೇಲೆ ಚಹಾದ ಬಣ್ಣಕ್ಕೆ ತಿರುಗಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣಗಳು ಹುಟ್ಟಿದವೆಂಬುದಕ್ಕೆ ಅದೇ ಗುರುತು. ಪಕ್ಕದ ಮೇಜಿನ ಜಯಶ್ರೀಯ ತುಳಸಿ ಕಷಾಯ ಆಗಲೇ ಬಣ್ಣ ಕಟ್ಟಿತ್ತು. ಇವಳದು ಹಿಂದೆ ಎರಡು ಸಲ ಬಣ್ಣವನ್ನೇ ಬಿಟ್ಟಿರಲಿಲ್ಲ. ಈಗ ನೋಡಿದರೆ ತಳದಲ್ಲಿ ಬಿಳಿ ಗಸಿ.

"ಇದಕ್ಕ ಉಪ್ಪು ಸೋಂಕೈತಿ, ಅದಕ್ಕ ಬೆಳ್ಳಿ ಹಿಂಗ ಬಿಳಿ ಗಸಿ ಆಗೈತಿ," ಫಕ್ಕೀರೇಶ ಸರ್ ಬಗ್ಗಿ ನೋಡಿದರು. "ಲ್ಯಾಬಿನಾಗ ಬುತ್ತಿ ಬಿಚ್ಚಿದ್ದೇನವಾ?"

ಜಯಶ್ರೀ ಕಿಸಕ್ಕನೆ ನಕ್ಕಳು. ಸರ್ ಬಾಟಲಿ ಎತ್ತಿ ನೋಡಿದರು.

"ಬೆಳ್ಳಿ ದ್ರಾವಣ ಇನ್ನ ಒಂದ ಸಲಕ್ಕಷ್ಟ ಉಳದೈತಿ. ನಾಳೆ ಆಗಲಿಲ್ಲಂದ್ರ ನಿನ್ನ ಪ್ರಾಜೆಕ್ಟು ಮುಂದಿನ ವರ್ಷಕ್ಕ ಹೋತು, ನೋಡು."

ಕಾಲೇಜು ಬಿಟ್ಟು ಹಾನಗಲ್ಲಿನಿಂದ ತನ್ನೂರು ಅಕ್ಕಿಆಲೂರಿನವರೆಗೆ ಸಮತಾ ಬಸ್ಸಿನಲ್ಲಿ ನಿಂತೇ ಒಂದೊಂದನ್ನೂ ನೆನೆದಳು. ಬೀಕರು ತೊಳೆದದ್ದು ಬಟ್ಟಿ ಇಳಿಸಿದ ನೀರಿನಲ್ಲಿ. ಕೈಗೆ ಗ್ಲೌಸ್ ಇತ್ತು. ಉಳಿದದ್ದು ಎಲೆಯ ಪುಡಿ ಒಂದೇ. ಅದನ್ನು ನೆರಳಲ್ಲಿ ಒಣಗಿಸಿ, ಕುಟ್ಟಿ, ಡಬ್ಬಿಗೆ ತುಂಬಿ ಕೊಟ್ಟವಳು ಅವ್ವ.

ಮಂಜವ್ವ ಶಾಲೆಯ ಬಿಸಿಯೂಟದ ಅಡುಗೆ ಮುಗಿಸಿ ಬಂದು ಕಟ್ಟೆಯ ಮೇಲೆ ಕಾಲು ಚಾಚಿದ್ದಳು. ಮಗಳು ಚಪ್ಪಲಿ ಬಿಡುವಷ್ಟೂ ತಡೆಯಲಿಲ್ಲ.

"ಆತೇನು? ಈ ಸಲ ಆಗಲೇಬೇಕು. ಎರಡ ಸಲ ಕೆಟ್ಟಿತ್ತಲ್ಲ, ಮಂದಿ ಕಣ್ಣು ಬಿದ್ದೈತಿ ಅನಕೊಂಡೆ. ನಿನಗ ಹೇಳಿದ್ರ ನಗತಿ ಅಂತ ಹೇಳಲಿಲ್ಲ. ಹಿಡಿ ಉಪ್ಪು ನಿವಾಳಿಸಿ, ಅದರಾಗಿಂದ ಒಂದ ಚಿಟಿಕಿ ಪುಡಿಯಾಗ ಕೂಡಿಸೇನಿ."

ಸಮತಾ ಅವ್ವನ ಕೈಯನ್ನೇ ನೋಡಿದಳು. ಅವ್ವನ ಉಗುರ ಸಂದಿಯಲ್ಲಿ ಕುಟ್ಟಿದ ಹಸಿರು ಇನ್ನೂ ಹೋಗಿರಲಿಲ್ಲ.

"ನಾಳೆ ಇನ್ನೊಮ್ಮೆ ಮಾಡಬೇಕವ್ವ. ಹಸಿ ಎಲಿ ಬೇಕು."

"ಆಗಲಿಲ್ಲನ? ಎಂಥಾ ಕೆಟ್ಟ ಕಣ್ಣವ್ವ ಅದು! ನಾಳೆ ಇನ್ನಷ್ಟು ಉಪ್ಪು..."

"ಎಲಿಗೆ ಬ್ಯಾಡ!" ಸಮತಾ ಗಡಬಡಿಸಿ ಅಂದಳು. "ಎಲಿಗೆ ಯಾಕ ಬೀಳತೈತಿ ಕಣ್ಣು? ನನಗ ಬಿದ್ದಿರಬೇಕು. ನನಗ ನಿವಾಳಿಸು."

"ಹೌದೌದು, ದೊಡ್ಡ ಚೆಲುವಿ ನೀನು," ಎಂದು ಚುಡಾಯಿಸುತ್ತಲೇ ಮಂಜವ್ವ ಒಳಗಿಂದ ಉಪ್ಪು ತಂದಳು. ಮೂರು ಸುತ್ತು ಇಳಿಸಿ ನೀರೊಲೆಗೆ ಎಸೆದಳು. ಉಪ್ಪು ಚಟಪಟ ಸಿಡಿಯಿತು. ಸಿಡಿದು ಮುಗಿದ ಮೇಲೂ ಅವಳು ಒಲೆಯ ಮುಂದಿನಿಂದ ಏಳಲಿಲ್ಲ. ಮಗಳು 'ಎಲಿಗೆ ಬ್ಯಾಡ' ಅಂದದ್ದನ್ನೇ ಯೋಚಿಸುತ್ತಿದ್ದಳು.

ಮುಂಜಾನೆ ಸಮತಾ ಎದ್ದಾಗ ಎಲೆ ಹರಿದು ತಂದಾಗಿತ್ತು.

"ಕೈ ಮೂರ ಸಲ ತೊಳದೇನಿ," ಮಂಜವ್ವ ಮುಖ ನೋಡದೆ ಡಬ್ಬಿ ಚಾಚಿದಳು. "ಡಬ್ಬಿನೂ ತೊಳದೇನಿ. ಇನ್ನೂ ಅಡಗಿ ಮನಿಗೆ ಹೋಗಿಲ್ಲ."

"ಅವ್ವಾ, ನಾನೇನೂ..."

"ನಡಿ ನಡಿ, ಬಸ್ಸು ಹೋದೀತು."

ಲ್ಯಾಬಿನಲ್ಲಿ ಹಸಿ ಎಲೆಯ ಕಷಾಯ ಹಾಕಿ ಇಪ್ಪತ್ತು ನಿಮಿಷವಾದರೂ ಏನೂ ಆಗಲಿಲ್ಲ. "ಕುಂದ್ರವಾ," ಎಂದರು ಸರ್. ಅವಳು ಕೂರಲಿಲ್ಲ. ಆಮೇಲೆ ಬೀಕರಿನ ಅಂಚಿನಲ್ಲಿ ತೆಳ್ಳಗೆ ಹಳದಿ ಮೂಡಿತು. ನೋಡನೋಡುತ್ತ ಅದು ಗಟ್ಟಿಯಾಗಿ, ಕೆಂಪಿಗೆ ತಿರುಗಿ, ಚಹಾವಾಯಿತು.

ಸಮತಾ ಎಲ್ಲರೆದುರಿಗೇ ಫೋನು ಹಚ್ಚಿದಳು.

"ಆತವ್ವಾ!"

ಅವಳ ದನಿ ಅಷ್ಟು ದೊಡ್ಡದೆಂದು ಜಯಶ್ರೀಗೂ ಗೊತ್ತಿರಲಿಲ್ಲ. ಆ ಕಡೆ ಅವ್ವ ನಲ್ಲಿ ನಿಲ್ಲಿಸುವುದನ್ನೇ ಮರೆತಿದ್ದಳು. ಶಾಲೆಯ ನಲ್ಲಿಯ ನೀರು ಅಕ್ಕಿಯ ಪಾತ್ರೆ ತುಂಬಿ ಹೊರಗೆ ಸುರಿಯುವ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು.