ಎಂಜಲಾದ ಹಾಡು

"ಅದನ್ನ ಮುಟ್ಬೇಡ ಅಕ್ಕ," ಎಂದಳು ತೆಯೋಫಿಲಾ.

ಗೋಡೆಯ ಮೊಳೆಗೆ ತೂಗುಹಾಕಿದ್ದ ಪುಟ್ಟ ತಮಟೆಯ ಮೇಲೆ ಮೆಲ್ಚೋರಾಳ ಕೈ ಆಗಲೇ ಇತ್ತು. ಅವಳು ಕೈ ತೆಗೆಯಲಿಲ್ಲ. ತಮ್ಮನ ಹೆಂಡತಿ ಹೇಳಿದಳೆಂದು ಕೈ ತೆಗೆಯುವ ವಯಸ್ಸೂ ಅವಳದಲ್ಲ, ಜಾಯಮಾನವೂ ಅಲ್ಲ.

"ಅಮ್ಮನ ತಮಟೆ ಇದು. ಅಮ್ಮ ಹೋದ್ಮೇಲೆ ಹಿರೀಮಗಳಿಗೆ ಬರಬೇಕು ತಾನೆ?"

"ಬರಬೇಕು. ನಾನು ಇಲ್ಲ ಅಂದ್ನಾ?" ತೆಯೋಫಿಲಾ ಒಲೆಯ ಮುಂದೆ ಕೂತು ಕೆಂಡ ಕೆದಕುತ್ತಿದ್ದಳು. "ತಮಟೆಯೇನೋ ಮೊಳೆ ಮೇಲಿದೆ. ಹಾಡು ಎಲ್ಲಿಂದ ತರ್ತೀಯ?"

ಮೆಲ್ಚೋರಾಳಿಗೆ ನಗು ಬಂತು. ಹುಟ್ಟಿದಾಗಿನಿಂದ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಲೀಮಾ ಪಟ್ಟಣದ ಗೋಡೆಗಳಿಗೆಲ್ಲ ಅವಳ ಚಿತ್ರ ಅಂಟಿಸುತ್ತಿದ್ದ ಕಾಲವಿತ್ತು. ಅಗಲ ಟೋಪಿ, ಹೂ ಕಸೂತಿಯ ಲಂಗ, ಕೆಳಗೆ ದಪ್ಪಕ್ಷರದಲ್ಲಿ 'ಬೆಟ್ಟದ ತೂಯಾ ಹಕ್ಕಿ' ಎಂಬ ಬಿರುದು. ಬೆಟ್ಟದ ಮೇಲಿನ ಊರುಗಳಿಗೆ ಹೋಗುವ ಯಾವ ಬಸ್ಸು ಹತ್ತಿದರೂ ಚಾಲಕನ ತಲೆಯ ಮೇಲಿನ ಪೆಟ್ಟಿಗೆಯಿಂದ ಅವಳ ದನಿಯೇ ಹರಿಯುತ್ತಿತ್ತು. ಈಗ ಆ ಚಿತ್ರಗಳ ಮೇಲೆ ಬೇರೆ ಹುಡುಗಿಯರ ಚಿತ್ರಗಳು ಬಂದಿವೆ, ನಿಜ. ಆದರೂ ಭಾನುವಾರದ ಆಟಗಳಲ್ಲಿ ಕೊನೆಗೆ ಜನ ಕೂಗಿ ಕೇಳುವುದು ಅವಳನ್ನೇ, ಕೇಳುವುದು ಅವಳಿಗೆ ಹೆಸರು ತಂದ ಆ ಒಂದು ಹಾಡನ್ನೇ.

ಎಲೀಸೆಯೋ ಕೊರಳಿಗೆ ಕೊಂಬು ವಾದ್ಯ ನೇತುಹಾಕಿಕೊಂಡು ಬಾಗಿಲಲ್ಲಿ ಬಗ್ಗಿ ನೋಡಿದ. "ದನ ಹೊಡ್ದು ದೊಡ್ಡಿಗೆ ತುಂಬಿದ್ದಾಯ್ತು. ನೆಂಟ್ರಿಷ್ಟ್ರು ಬಂದು ಚಿಚಾ ಹೆಂಡ ಕುಡ್ಯೋಕೂ ಶುರು ಮಾಡಿದ್ರು. ನೀವಿಬ್ರೂ ಇಲ್ಲಿ ಪಂಚಾಯ್ತಿ ಮಾಡ್ತಾ ಕೂತಿದೀರಾ?"

"ನಿನ್ನ ಹೆಂಡ್ತಿ ನಂಗೆ ಹಾಡು ಬರಲ್ಲ ಅಂತಾಳೆ ಕಣೋ."

ಎಲೀಸೆಯೋ ಹೆಂಡತಿಯ ಮುಖ ನೋಡಿದ, ಅಕ್ಕನ ಮುಖ ನೋಡಿದ, ಆಮೇಲೆ ತನ್ನ ಚಪ್ಪಲಿ ನೋಡಿಕೊಂಡ. ಇಬ್ಬರು ಹೆಂಗಸರ ನಡುವೆ ಸಿಕ್ಕಿಕೊಂಡಾಗ ಅವನು ಚಿಕ್ಕಂದಿನಿಂದಲೂ ಮಾಡುತ್ತಿದ್ದುದು ಅದನ್ನೇ. "ಹಾಡ್ಲಿ ಬಿಡೇ," ಎಂದ ಕೊನೆಗೆ. "ಅಷ್ಟು ದೂರದಿಂದ ಬಂದಿದಾಳೆ."

"ಹಾಡ್ಲಿ. ಬೇಡ ಅನ್ನೋಕೆ ನಾನ್ಯಾರು," ಎಂದು ತೆಯೋಫಿಲಾ ರಿಬ್ಬನ್ನುಗಳ ಬುಟ್ಟಿ ಎತ್ತಿಕೊಂಡು ಎದ್ದಳು.

ಸಂತ ಸಾಂತಿಯಾಗೋನ ಹಬ್ಬ ಬಂತೆಂದರೆ ಯುರಾಕ್‌ಕಂಚಾದ ಪ್ರತಿ ಮನೆಯವರೂ ದನಗಳಿಗೆ ಗುರುತು ಹಾಕುತ್ತಾರೆ. ಕರುವಿನ ಕಿವಿಯಲ್ಲಿ ಮನೆಯ ಗುರುತು ಸೀಳಿ, ದೊಡ್ಡ ದನಗಳ ಕಿವಿಗೆ ಸೂಜಿಯಿಂದ ಹೊಸ ರಿಬ್ಬನ್ ಪೋಣಿಸುತ್ತಾರೆ. ಗಂಡಸರು ಕೊಂಬೂದುತ್ತಾರೆ, ಮನೆಯ ಹಿರಿಯ ಹೆಂಗಸು ತಮಟೆ ಬಡಿಯುತ್ತ ಒಂದೊಂದೇ ದನವನ್ನು ಹೆಸರು ಹಿಡಿದು ಕರೆಯುತ್ತಾಳೆ. ಕರೆಯುವ ಹಾಡು ಆಯಾ ಮನೆಗೆ ಬೇರೆ. ವರ್ಷಕ್ಕೊಮ್ಮೆ, ತಮ್ಮ ದೊಡ್ಡಿಯೊಳಗೆ, ತಮ್ಮ ದನಗಳಿಗಷ್ಟೇ ಹಾಡುವುದು. ನೆರೆಮನೆಯವರು ಕೇಳಿಸಿಕೊಂಡರೂ ಬಾಯಿಗೆ ತಂದುಕೊಳ್ಳುವುದಿಲ್ಲ. ಬೇರೆ ಮನೆಯ ಚಮಚೆಯನ್ನು ಯಾರೂ ಬಾಯಿಗೆ ಇಟ್ಟುಕೊಳ್ಳುವುದಿಲ್ಲವಲ್ಲ, ಹಾಗೆ.

ಮೆಲ್ಚೋರಾ ತನ್ನ ಮನೆಯ ಹಾಡನ್ನು ಬಾಯಿಗೆ ಮಾತ್ರವಲ್ಲ, ತಟ್ಟೆಗೇ ಹಾಕಿಬಿಟ್ಟಿದ್ದಳು. ಕರಿ ಬಣ್ಣದ ತಿರುಗುವ ತಟ್ಟೆಗೆ. ಆಗ ಅವಳಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ. ಲೀಮಾದಲ್ಲಿ ಒಬ್ಬ ದೊರೆಸಾನಿಯ ಮನೆಯ ಬಟ್ಟೆ ಒಗೆಯುತ್ತ, ಭಾನುವಾರ ಡೇರೆಯೊಳಗೆ ಬೆಟ್ಟದವರ ಗುಂಪಿನ ಮುಂದೆ ಹಾಡುತ್ತಿದ್ದಳು. ಧ್ವನಿಮುದ್ರಣದವನು ಬಂದು, "ಎಲ್ಲರೂ ಹಾಡೋದನ್ನೇ ಹಾಡಿದ್ರೆ ಯಾರು ಕೊಳ್ತಾರೆ? ಯಾರೂ ಕೇಳದೇ ಇರೋದು ಏನಾದ್ರೂ ಇದ್ಯಾ?" ಎಂದ. ಯಾರೂ ಕೇಳದ ಹಾಡು ಅವಳ ಬಳಿ ಇದ್ದದ್ದು ಒಂದೇ. ಊರಿನ ನೆನಪಾಗಿ, ಕಣ್ಣು ಮುಚ್ಚಿ ಹಾಡಿದಳು. ಅಮ್ಮನಿಗೆ ಹೆಮ್ಮೆಯಾಗುತ್ತದೆ ಎಂದೇ ಅಂದುಕೊಂಡಿದ್ದಳು ಪಾಪ.

ಅಮ್ಮ ಸಾತುರ್ನಿನಾ ಅದನ್ನು ಮೊದಲು ಕೇಳಿದ್ದು ಸಂತೆಯ ಹೆಂಡದಂಗಡಿಯ ಮುಂದೆ. ತನ್ನ ಅಜ್ಜಿಯ ಕಾಲದ ಹಸುಗಳ ಹೆಸರಿಗೆ ಕುಡುಕರು ಹೆಜ್ಜೆ ಹಾಕುತ್ತಿದ್ದರಂತೆ. ಆಕೆ ಉಪ್ಪು ಕೊಳ್ಳದೆ ಮನೆಗೆ ಬಂದಳು. ಆ ವರ್ಷ ಹಿಮ ಬಿದ್ದು ಅರ್ಧಕ್ಕರ್ಧ ದನ ಸತ್ತವು. ಮುಂದಿನ ಹಬ್ಬಕ್ಕೆ ಮೆಲ್ಚೋರಾ ಉಡುಗೊರೆಗಳ ಗಂಟು ಹೊತ್ತು ಬಂದಾಗ ಅಮ್ಮ ಬೈಯಲಿಲ್ಲ. "ಕಂಡಕಂಡೋರ ಬಾಯಲ್ಲಿ ಎಂಜಲಾಯ್ತು ಮಗಳೇ," ಎಂದಷ್ಟೇ ಅಂದಳು. "ಎಂಜಲನ್ನ ದನಕ್ಕೆ ಹೇಗೆ ಹಾಕ್ಲಿ?"

ಅಂದಿನಿಂದ ಅಮ್ಮ ಬೇರೆ ಹಾಡು ಕಟ್ಟಿದ್ದಳು. ಅದೇನೆಂದು ಮೆಲ್ಚೋರಾಳಿಗೆ ಗೊತ್ತಾಗಲೇ ಇಲ್ಲ. ಹಬ್ಬಕ್ಕೆ ಬಂದಾಗಲೆಲ್ಲ, ತಮಟೆ ಕೈಗೆ ಬರುತ್ತಿದ್ದ ಹಾಗೆ, "ಹೋಗು ಮಗಳೇ, ಒಲೆ ಮೇಲೆ ಸಾರು ಉಕ್ಕುತ್ತೇನೋ ನೋಡು," ಎಂದು ಅಮ್ಮ ಅವಳನ್ನು ಆಚೆ ಕಳಿಸುತ್ತಿದ್ದಳು. ಅಡುಗೆಮನೆ ಗುಡ್ಡದ ಆ ಮಗ್ಗುಲಲ್ಲಿತ್ತು. ಅಲ್ಲಿಗೆ ಕೊಂಬಿನ ಸದ್ದು ಕೇಳಿಸುತ್ತಿತ್ತು, ಹಾಡು ಕೇಳಿಸುತ್ತಿರಲಿಲ್ಲ. ಡೇರೆ ತುಂಬ ಜನರನ್ನು ಅಳಿಸಿ ನಗಿಸುವ ಹೆಂಗಸು ಉಕ್ಕದ ಸಾರಿನ ಮುಂದೆ ಸೌಟು ಹಿಡಿದು ನಿಂತಿರುತ್ತಿದ್ದಳು. ಅಮ್ಮ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ ಎಂದುಕೊಂಡಳು. ವರ್ಷಕ್ಕೊಮ್ಮೆ ಬರುತ್ತಿದ್ದವಳು ಎರಡು ವರ್ಷಕ್ಕೊಮ್ಮೆ ಬಂದಳು, ಆಮೇಲೆ ಯಾವಾಗಲಾದರೂ. ಕಳೆದ ಮಳೆಗಾಲದಲ್ಲಿ ಅಮ್ಮ ತೀರಿಕೊಂಡ ಸುದ್ದಿ ಹೋದಾಗ ಅವಳು ಕರಾವಳಿಯ ಊರೊಂದರಲ್ಲಿ ಹಾಡುತ್ತಿದ್ದಳು. ಕುಸಿದ ರಸ್ತೆಗಳನ್ನು ದಾಟಿ ಬಂದು ಮುಟ್ಟುವಷ್ಟರಲ್ಲಿ ಅಮ್ಮನನ್ನು ಮಣ್ಣು ಮಾಡಿ, ಅವಳ ಬಟ್ಟೆಗಳನ್ನು ಹೊಳೆಯಲ್ಲಿ ಒಗೆದು ಬಂಡೆಗಳ ಮೇಲೆ ಹರವಿದ್ದರು. ಅದರಲ್ಲೊಂದು ಹಸಿ ಲಂಗವನ್ನು ತಬ್ಬಿಕೊಂಡು ಅತ್ತಿದ್ದಳು. ಇವತ್ತಾದರೂ ದೊಡ್ಡಿಯೊಳಗೆ ನಿಂತು ದನಗಳನ್ನು ಕರೆಯಬೇಕು, ಅವು ಅವಳ ಕರೆಗೆ ಕಿವಿ ಕೊಡಬೇಕು. ಅಮ್ಮ ಇಲ್ಲದ ಮೇಲೆ ಅವಳನ್ನು ಮನೆಯವಳೆಂದು ಒಪ್ಪಿಕೊಳ್ಳಲು ದನಗಳಲ್ಲದೆ ಇನ್ಯಾರಿದ್ದಾರೆ?

ದೊಡ್ಡಿಯ ಬಾಗಿಲಿಗೆ ಅಡ್ಡಲಾಗಿ ಕಲ್ಲುಗಳನ್ನು ಪೇರಿಸಿದ್ದರು. ಮೇಲಿನದೊಂದು ಇರಲಿಲ್ಲ. ಆ ಅಂಡಾಕಾರದ ಕಲ್ಲು ಹೊರಗೆ ಹುಲ್ಲಿನಲ್ಲಿ ಬಿದ್ದಿತ್ತು.

"ಇದೊಂದು ಕಲ್ಲು ಎತ್ತಿಡೋಕೂ ನಿಂಗೆ ಸೋಮಾರಿತನವೇನೋ?" ಎಂದು ಮೆಲ್ಚೋರಾ ತಮ್ಮನನ್ನು ಛೇಡಿಸಿದಳು. ಎಲೀಸೆಯೋ ಗೋಡೆ ಹತ್ತಿ ಒಳಗಿಳಿದ.

ಬಿಸಿಲು ಚುರುಕಾಗಿತ್ತು, ಗಾಳಿ ತಣ್ಣಗಿತ್ತು. ಮೆಲ್ಚೋರಾ ಅಮ್ಮ ಕೂರುತ್ತಿದ್ದ ಚಪ್ಪಟೆ ಬಂಡೆಯ ಪಕ್ಕ ನಿಂತು, ಪದ್ಧತಿಯಂತೆ ಕೋಕಾ ಎಲೆಗೆ ಉಸಿರೂದಿ ಬೆಟ್ಟಕ್ಕೆ ಕೈ ಮುಗಿದು, ತಮಟೆ ಬಡಿಯುತ್ತ ತನಗೆ ಗೊತ್ತಿದ್ದ ಆ ಹಳೆಯ ಹಾಡನ್ನೇ ಎತ್ತಿಕೊಂಡಳು. ದನಿ ಚೆನ್ನಾಗಿಯೇ ಬಂತು. ವಯಸ್ಸಾದರೂ ಅದಕ್ಕೆ ಮುಪ್ಪು ಬಂದಿರಲಿಲ್ಲ. ಎರಡನೆಯ ಸಾಲು ಮುಗಿಯುವಷ್ಟರಲ್ಲಿ ನೆರೆಯವರು ಚಪ್ಪಾಳೆ ತಟ್ಟತೊಡಗಿದರು. ಮೂರನೆಯದಕ್ಕೆ ಎಲ್ಲರೂ ದನಿಗೂಡಿಸಿದರು, ಎಲ್ಲರಿಗೂ ಬಾಯಿಪಾಠ. ಯಾರೋ ಒಬ್ಬ, ತಟ್ಟೆಯಲ್ಲಿ ನಿರೂಪಕ ಕೂಗುವ ಹಾಗೆಯೇ, "ಬಂದಳು ನಮ್ಮ ತೂಯಾ ಹಕ್ಕಿ, ಬಾಟ್ಲಿ ತೆಗೀರಪ್ಪ," ಎಂದು ಅಣಕಿಸಿದ. ಇಬ್ಬರು ಹೆಂಗಸರು ಲಂಗ ಹಿಡಿದು ಕುಣಿದರು. ದನಗಳು ಬೆದರಿ ಮೂಲೆಗೆ ಒತ್ತರಿಸಿದವು. ಕೆಂಪು ಹಸುವೊಂದು ಅವಳಿಗೆ ಬೆನ್ನು ತಿರುಗಿಸಿ ಗೋಡೆಗೆ ಮೂತಿ ಇಟ್ಟು ನಿಂತಿತು.

ಮೆಲ್ಚೋರಾ ನಡುವೆಯೇ ನಿಲ್ಲಿಸಿದಳು. ಯಾರೂ ತಪ್ಪು ಮಾಡಿರಲಿಲ್ಲ. ಆ ಹಾಡು ಕೇಳಿದರೆ ಜನ ಮಾಡುವುದು ಅದನ್ನೇ, ಅವಳೇ ಊರೂರಿಗೆ ಹೋಗಿ ಕಲಿಸಿದ್ದು. ತಮಟೆಯನ್ನು ತೆಯೋಫಿಲಾಳ ಕೈಗಿಟ್ಟಳು.

"ನಾನು ಹೋಗಿ ಸಾರು ನೋಡ್ತೀನಿ," ಎಂದಳು.

"ಸಾರು ಇಳ್ಸಿ ಬಂದಿದೀನಿ," ಎಂದಳು ತೆಯೋಫಿಲಾ. ಅಷ್ಟರಲ್ಲಿ ಮೆಲ್ಚೋರಾ ಬಾಗಿಲ ಕಲ್ಲು ದಾಟಿ ಹೊರಗಿಳಿದಿದ್ದಳು. "ಅಲ್ಲೇ ನಿಂತ್ಕೋ ಅಕ್ಕ. ಇನ್ನು ಕಳ್ಸೋರು ಯಾರೂ ಇಲ್ಲ."

ತೆಯೋಫಿಲಾಳದು ಒಡಕು ಗಂಟಲು. ಡೇರೆಯಲ್ಲಿ ಹಾಡಿದ್ದರೆ ಜನ ಕಿತ್ತಳೆ ಸಿಪ್ಪೆ ಎಸೆಯುತ್ತಿದ್ದರು. ಆದರೆ ಅವಳು ಬಾಯಿ ತೆರೆದದ್ದೇ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. ಕುಣಿಯುತ್ತಿದ್ದವರು ಗೋಡೆಗೊರಗಿದರು. ಅವಳು ಒಂದೊಂದೇ ಹೆಸರು ಹಿಡಿದು ಕರೆದಳು. ಎಲೀಸೆಯೋ ಒಂದೊಂದರ ಕೊಂಬು ಹಿಡಿದು ಕಿವಿಗೆ ಸೂಜಿ ಚುಚ್ಚಿ ರಿಬ್ಬನ್ ಪೋಣಿಸಿದ. ಬುಟ್ಟಿಯ ರಿಬ್ಬನ್ನುಗಳೆಲ್ಲ ಮುಗಿದು ಒಂದು ಉಳಿಯಿತು. ಆಗ ತೆಯೋಫಿಲಾ ಬಾಗಿಲ ಕಡೆ ತಿರುಗಿದಳು.

ಕರಿಯೆ ಬಂದೆ, ಕೆಂದಿ ಬಂದೆ, ಹಣೆಚುಕ್ಕಿಯೆ ಬಂದೆ,
ಎಡಗಿವಿ ಹರಿದ ಕಡಸೆ, ನೀನೊಬ್ಬಳೆ ಬರಲಿಲ್ಲ.
ಹೊಳೆಯಾಚೆ ಹುಲ್ಲು ಸಿಹಿಯೆ? ಮೇದು ಬಾ, ದಣಿದು ಬಾ,
ಬಾಗಿಲ ಕಲ್ಲು ಇಟ್ಟಿಲ್ಲ, ಕತ್ತಲಾದರೂ ಬಾ.

ಹಾಡು ಮುಗಿಯಿತು. ಎಲೀಸೆಯೋ ಕೊಂಬೂದಲಿಲ್ಲ.

"ಯಾವ ಕಡಸು ಅದು?" ಎಂದಳು ಮೆಲ್ಚೋರಾ. ಕೇಳುವಾಗಲೇ ಅವಳ ಕೈ ಜಡೆಯ ಕೆಳಗೆ ಹೋಗಿತ್ತು. ವೇದಿಕೆಯ ಮೇಲೆ ದೊಡ್ಡ ಓಲೆಯಿಂದ ಮುಚ್ಚುತ್ತಿದ್ದ ಎಡಗಿವಿಯ ಹಾಲೆ ಅಲ್ಲಿ ಎರಡಾಗಿ ಸೀಳಿತ್ತು. ಆರು ವರ್ಷದವಳಿದ್ದಾಗ ಇದೇ ದೊಡ್ಡಿಯಲ್ಲಿ, ಇದೇ ಹಬ್ಬದಲ್ಲಿ, ಅವಳು ಹಿಡಿದುಕೊಂಡಿದ್ದ ಕರು ತಲೆ ಒದರಿ ಓಲೆಯನ್ನು ಕಿತ್ತುಕೊಂಡು ಹೋಗಿತ್ತು. ಅಮ್ಮ ಗಾಯಕ್ಕೆ ಬೂದಿ ಮೆತ್ತುತ್ತ, ಅಳುವವಳನ್ನು ನಗಿಸಲೆಂದು, "ನಿಂಗೂ ನಮ್ಮನೆ ಗುರುತು ಬಿತ್ತು ಬಿಡು. ಎಲ್ಲೇ ತಪ್ಪಿಸ್ಕೊಂಡ್ರೂ ಇನ್ನು ಜನ ತಂದು ನಂಗೇ ಒಪ್ಪಿಸ್ತಾರೆ," ಎಂದಿದ್ದಳು.

"ನಮ್ಮ ದೊಡ್ಡೀಲಿ ಕಿವಿ ಹರಿದಿರೋ ದನ ಯಾವತ್ತೂ ಇರ್ಲಿಲ್ಲ ಅಕ್ಕ," ಎಂದಳು ತೆಯೋಫಿಲಾ. "ಅತ್ತೆ ವರ್ಷಾ ವರ್ಷಾ ಕರೀತಿದ್ರು."

"ನಾನು ಅಲ್ಲೇ ಇದ್ನಲ್ಲೇ. ಅಡುಗೆಮನೇಲೇ ಇದ್ನಲ್ಲ. ಯಾಕೆ ಕಳಿಸ್ತಿದ್ಲು ನನ್ನ?"

ತೆಯೋಫಿಲಾ ತಮಟೆಯ ಚರ್ಮವನ್ನು ಬೆರಳಿನಿಂದ ಸವರಿದಳು. "ನಾನೂ ಕೇಳ್ದೆ. ಅವಳು ಕೇಳಿಸ್ಕೊಂಡ್ರೆ ಇದನ್ನೂ ತಟ್ಟೆಗೆ ಹಾಕ್ತಾಳೆ ಅಂದ್ರು. ಇದೂ ಎಂಜಲಾದ್ರೆ ಅವಳನ್ನ ಏನು ಹಾಡಿ ಕರೀಲಿ, ಇನ್ನೊಂದು ಕಟ್ಟೋಕೆ ನಂಗೆ ಶಕ್ತಿ ಇಲ್ಲ ಅಂದ್ರು."

ಮೆಲ್ಚೋರಾ ಬಾಯಿಗೆ ಶಾಲಿನ ಅಂಚು ಒತ್ತಿಕೊಂಡಳು. ಹೊಟ್ಟೆಯೊಳಗಿನಿಂದ ಬಂದ ಅಳುವಿಗೆ ರಾಗವಿರಲಿಲ್ಲ. ನೆರೆಯವರು ಮುಖ ತಿರುಗಿಸಿ ದನಗಳನ್ನು ನೋಡತೊಡಗಿದರು. ಅಷ್ಟು ವರ್ಷ ಗುಡ್ಡದ ಈ ಮಗ್ಗುಲಲ್ಲಿ ಒಬ್ಬಳು ಕರೆಯುತ್ತಿದ್ದಳು, ಆ ಮಗ್ಗುಲಲ್ಲಿ ಇನ್ನೊಬ್ಬಳು ತನ್ನನ್ನು ಯಾರೂ ಕರೆಯುವುದಿಲ್ಲವೆಂದುಕೊಂಡು ಸೌಟು ತಿರುವುತ್ತಿದ್ದಳು. ಭಾನುವಾರ ಅವಳಿಗೆ ಲೀಮಾದಲ್ಲಿ ಆಟವಿತ್ತು. ಕೊನೆಗೆ ಜನ ಆ ಹಳೆಯ ಹಾಡನ್ನೇ ಕೂಗಿ ಕೇಳುತ್ತಾರೆ, ಅವಳು ಹಾಡಲೇಬೇಕು. ಬದುಕಲು ಅವಳಿಗೆ ಗೊತ್ತಿರುವುದು ಅದೊಂದೇ.

ಎಲೀಸೆಯೋ ಬಾಗಿಲ ಬಳಿ ಬಂದ. ಬುಟ್ಟಿಯ ಕೊನೆಯ ರಿಬ್ಬನ್ ಅವನ ಕೈಯಲ್ಲಿತ್ತು, ಏನು ಮಾಡಬೇಕೆಂದು ತೋಚದೆ ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. "ಅಕ್ಕ," ಎಂದ. "ಆ ಕಲ್ಲು ಇನ್ನು ಇಟ್ಬಿಡ್ಲಾ?"

"ನೀನು ಬೇಡ," ಎಂದಳು ತೆಯೋಫಿಲಾ. "ಅವಳೇ ತರ್ಲಿ. ತಗೊಂಡು ಒಳಗೆ ಬಾ ಅಕ್ಕ. ಹೊರಗೆ ನಿಂತು ಇಡಬಾರ್ದು."

ಮೆಲ್ಚೋರಾ ಕಸೂತಿಯ ಲಂಗ ಸಿಕ್ಕಿಸಿಕೊಂಡು ಬಗ್ಗಿದಳು. ಕಲ್ಲು ನೆಲಕ್ಕೆ ಕಚ್ಚಿಕೊಂಡಿತ್ತು, ಮೊದಲ ಸಲಕ್ಕೆ ಅಲುಗಲಿಲ್ಲ. ಎರಡೂ ಕೈ ಹಾಕಿ ಅಲ್ಲಾಡಿಸಿ ಬಿಡಿಸಿ ಎದೆಗೊತ್ತಿ ಎತ್ತಿದಳು. ಒಳಗೆ, ಬಾಗಿಲಿಗೆ ಎದುರಾಗಿ, ಅಮ್ಮನ ಚಪ್ಪಟೆ ಬಂಡೆ ಬಿಸಿಲಿನಲ್ಲಿ ಖಾಲಿ ಇತ್ತು. ಅವಳು ಆ ಕಡೆ ನೋಡಲಾರದೆ ಕೆಳಗೆ ನೋಡಿದಳು. ಸುತ್ತ ಮೊಣಕಾಲುದ್ದ ಒಣಹುಲ್ಲು ಗಾಳಿಗೆ ವಾಲಾಡುತ್ತಿತ್ತು. ಕಲ್ಲು ಇದ್ದ ಕಡೆ ಮಾತ್ರ ಕಲ್ಲಿನಷ್ಟೇ ಅಗಲಕ್ಕೆ, ಒಂದು ಎಸಳು ಹುಲ್ಲೂ ಹುಟ್ಟದ, ವರ್ಷಗಟ್ಟಲೆ ಬಿಸಿಲನ್ನೇ ಕಾಣದ ಕಪ್ಪು ಮಣ್ಣು ಇನ್ನೂ ತೇವವಾಗಿತ್ತು.