ವೈರಸ್ಸಿಗೆ ಮನೆ ಕಟ್ಟುವ ಅಕ್ಕ

ನಮ್ಮ ಅಕ್ಕ ನಗುವುದು ಯಾವಾಗಲೂ ತಡವಾಗಿ. ಎಲ್ಲರೂ ನಕ್ಕು, ಕಣ್ಣೊರೆಸಿಕೊಂಡು, ಬೇರೆ ಮಾತಿಗೆ ಹೊರಳಿದ ಮೇಲೆ ಅವಳೊಬ್ಬಳೇ ಬಾಯಿಗೆ ತೋಳು ಅಡ್ಡವಿಟ್ಟು ಕುಲುಕುಲು ನಗುತ್ತಾಳೆ. ಹಾಸ್ಯವನ್ನೂ ಬಿಚ್ಚಿ ನೋಡದೆ ಒಪ್ಪದ ಸ್ವಭಾವ. ಅವಳು ನನ್ನ ದೊಡ್ಡಮ್ಮನ ಮಗಳು. ತೀರಿಹೋದ ದೊಡ್ಡಪ್ಪನ ಬೂದು ಕೋಟನ್ನು, ತೋಳು ಮಡಚಿ, ಯಂತ್ರಗಳ ತಣ್ಣನೆಯ ಕೋಣೆಯಲ್ಲಿ ದಿನವಿಡೀ ತೊಟ್ಟಿರುತ್ತಾಳೆ. "ಹೊಸದು ತಗೋ ಅಕ್ಕ" ಎಂದರೆ, "ಇದರ ಜೇಬು ದೊಡ್ಡದು ಕಣೋ" ಎಂದಷ್ಟೇ ಉತ್ತರ.

ಅವಳ ಕೆಲಸ ಕಂಪ್ಯೂಟರ್ ವೈರಸ್ಸುಗಳ ಪರೀಕ್ಷೆ. ಅವನ್ನು ಅಸಲಿ ಕಂಪ್ಯೂಟರಿನಲ್ಲಿ ಬಿಟ್ಟರೆ ಅನಾಹುತ. ಆದ್ದರಿಂದ ಒಂದು ಕಂಪ್ಯೂಟರಿನ ಒಡಲೊಳಗೆ ತಂತ್ರಾಂಶದಿಂದಲೇ ಇನ್ನೊಂದನ್ನು ಕಟ್ಟಿ, ಆ ವರ್ಚುವಲ್ ಮಷೀನಿನಲ್ಲಿ ಅವುಗಳ ಆಟ ನೋಡುತ್ತಾರೆ. ಆದರೆ ಜಾಣ ವೈರಸ್ಸು ತಾನಿರುವುದು ಪಂಜರವೆಂದು ಮೂಸಿ ತಿಳಿದರೆ ಸತ್ತಂತೆ ಬಿದ್ದುಕೊಳ್ಳುತ್ತದೆ. ಅದಕ್ಕೆ ಗುಮಾನಿ ಬಾರದಂತೆ ಮಾಡುವುದರಲ್ಲಿ ಅಕ್ಕನದು ಎತ್ತಿದ ಕೈ.

ಒಮ್ಮೆ ಅಂಥದೊಂದು ವೈರಸ್ಸು ಮಕ್ಕಳ ಆಸ್ಪತ್ರೆಯ ಕಡತಗಳಿಗೆಲ್ಲ ಬೀಗ ಜಡಿಯಿತು. ಯಾವ ಕೂಸಿಗೆ ಯಾವ ಔಷಧವೆಂಬುದೂ ವೈದ್ಯರಿಗೆ ಕಾಣದು. ಅದರ ಗುಟ್ಟು ತಿಳಿಯಬೇಕಾದರೆ ಅದು ಅಕ್ಕನ ಕಣ್ಣೆದುರು ಬೀಗ ಹಾಕಬೇಕು. ಅಕ್ಕ ನಕಲಿ ಯಂತ್ರದ ಗುರುತುಗಳನ್ನು ಒಂದೊಂದಾಗಿ ಅಳಿಸಿದಳು. ಡಿಸ್ಕಿಗೆ ಅಂಗಡಿಯಲ್ಲಿ ಸಿಗುವಂಥ ಹೆಸರಿಟ್ಟಳು, ನಕಲಿ ಯಂತ್ರವೆಂದು ಸುಳಿವು ಕೊಡುವ ಗಡಿಯಾರದ ತಡವರಿಕೆಯನ್ನೂ ತಿದ್ದಿದಳು. ವೈರಸ್ಸು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅನ್ನ ಸೇರದೆ ಸೊರಗಿದವಳಿಗೆ ಕೊನೆಗೆ ಹೊಳೆಯಿತು: ಯಂತ್ರವೇನೋ ಅಸಲಿಯಂತೆಯೇ ಇದೆ, ಆದರೆ ಅದರಲ್ಲಿ ಯಾರೂ ಬಾಳಿಲ್ಲ.

ಅವಳ ಫೋನು ಬಂದಾಗ ದೊಡ್ಡಮ್ಮನನ್ನು ಆ ತಣ್ಣನೆಯ ಕೋಣೆಗೆ ಕರೆದೊಯ್ದವನು ನಾನೇ.

"ನಾನೇನು ಮಾಡ್ಲೇ ಇದರಲ್ಲಿ?" ಎಂದರು ದೊಡ್ಡಮ್ಮ, ನಕಲಿ ಯಂತ್ರದ ಪರದೆಯೆದುರು ಕೂತು ಕನ್ನಡಕ ಏರಿಸಿಕೊಳ್ಳುತ್ತ.

"ಮನೇಲಿ ಮಾಡೋದೇ ಮಾಡಮ್ಮ. ಇಸ್ಪೀಟಾಡು, ಚಿಕ್ಕಮ್ಮಂಗೆ ಕಾಗದ ಬರಿ."

ದೊಡ್ಡಮ್ಮ ಇಸ್ಪೀಟಿನಲ್ಲಿ ಸೋತರು, ಕಂಪ್ಯೂಟರೇ ಮೋಸ ಮಾಡಿತೆಂದು ಬೈದರು, ಆಮೇಲೆ ತಂಗಿಗೆ ಮಂಡಿನೋವಿನ ವೃತ್ತಾಂತವನ್ನು ಒಂದೊಂದೇ ಅಕ್ಷರ ಹುಡುಕಿ ಬರೆಯತೊಡಗಿದರು. ಕಾಗದ ಅರ್ಧಕ್ಕೆ ಬಂದಿತ್ತು. ಪರದೆ ಫಕ್ಕನೆ ಕೆಂಪಾಯಿತು; ವೈರಸ್ಸು ಎದ್ದು ಕಾಗದಕ್ಕೆ ಬೀಗ ಜಡಿದಿತ್ತು.

"ಅಯ್ಯೋ! ನಾನೇನೂ ಮುಟ್ಲಿಲ್ಲ ಕಣೇ!"

ಅಕ್ಕ ಹಿಂದಿನಿಂದ ಬಂದು ಅವರನ್ನು ತಬ್ಬಿಕೊಂಡಳು. "ಅದು ನಿನ್ನ ನಂಬ್ತಮ್ಮ!"

ವೈರಸ್ಸು ತನ್ನ ಬೀಗಕ್ಕೆ ಕೀಲಿ ರೂಪಿಸುವ ಬಗೆ ಅವಳ ಕೈಗೆ ಸಿಕ್ಕಿತ್ತು. ಮೊದಲು ತೆರೆದು ನೋಡಲು ಇದ್ದದ್ದು ದೊಡ್ಡಮ್ಮನ ಆ ಅರ್ಧ ಕಾಗದವೇ.

"ಓದ್ಬೇಡ. ಅದರಲ್ಲಿ ನಿನ್ನ ವಿಷಯಾನೂ ಇದೆ," ಎಂದರು ದೊಡ್ಡಮ್ಮ.

ಅಕ್ಷರಗಳು ಮರಳಿದ್ದನ್ನಷ್ಟೇ ಕಂಡು ಅಕ್ಕ ಪರದೆಯನ್ನು ತಾಯಿಯತ್ತ ತಿರುಗಿಸಿ, ತಾನು ಗೋಡೆ ನೋಡುತ್ತ ನಿಂತಳು. ಸಂಜೆಯೊಳಗೆ ಆಸ್ಪತ್ರೆಯ ಕಡತಗಳು ತೆರೆದುಕೊಂಡವು.

ಗುಮಾನಿಯನ್ನೇ ಕಸುಬು ಮಾಡಿಕೊಂಡವರಲ್ಲಿ ಹಲವರು ಮನುಷ್ಯರನ್ನೂ ಹಾಗೆಯೇ ನೋಡಲು ಕಲಿತುಬಿಡುತ್ತಾರೆ. ಕೆಲವರು ಮಾತ್ರ, ಲೋಕದ ಎಷ್ಟು ಬೀಗಗಳನ್ನು ಬಿಚ್ಚಿದರೂ, ತಮ್ಮವರ ಅಂತರಂಗದೆದುರು ಹೊಸ್ತಿಲಾಚೆಯೇ ನಿಂತು ಕಾಯುತ್ತಾರೆ. ಅಂಥವರ ವಶದಲ್ಲಿ ನಮ್ಮ ಮನೆಯ ಕೀಲಿಯಿದ್ದರೆ ನಾವು ನಿಶ್ಚಿಂತೆಯಿಂದ ಮಲಗಬಹುದು.