ಕಸದ ಗಾಡಿ ಬರುವ ಹೊತ್ತು

ಮಗನನ್ನು ಊರಿಗೆ ಕರೆದುಕೊಂಡು ಹೋಗಿಯೇ ಸಿದ್ಧ ಎಂದು ಕಿಯೊಮಿ ಜಪಾನಿನಿಂದ ತೈಪೆಗೆ ಬಂದಿದ್ದಳು. ಅಲ್ಲಿ ಕೆಲಸದಲ್ಲಿದ್ದ ಶೂಜಿಗೆ ಮೂವತ್ತಾರು ತುಂಬಿತ್ತು, ಮದುವೆಯಿಲ್ಲ. ಫೋನು ಮಾಡಿದರೆ 'ಚೆನ್ನಾಗಿದ್ದೀನಿ' ಬಿಟ್ಟು ಇನ್ನೊಂದು ಮಾತು ಅವನ ಬಾಯಿಂದ ಉದುರುತ್ತಿರಲಿಲ್ಲ. ಪರದೇಶದಲ್ಲಿ ಹುಷಾರು ತಪ್ಪಿದರೆ ಇವನನ್ನು ಕೇಳುವವರು ಯಾರು? ಈ ಯೋಚನೆಯಲ್ಲಿ ಅವಳಿಗೆ ಎಷ್ಟೋ ದಿನ ಊಟ ರುಚಿಸಿರಲಿಲ್ಲ. ಬಂದ ಮೇಲೆ ಮಗ ಎರಡು ದಿನ ರಜೆ ಹಾಕಿ ಬಿಸಿನೀರಿನ ಬುಗ್ಗೆ, ಗುಡ್ಡದ ಮೇಲಿನ ಚಹಾದಂಗಡಿ, ನದಿಯ ದಂಡೆ ಎಲ್ಲ ಸುತ್ತಿಸಿದ. ಅವಳು ನೋಡಿದ್ದು ಮಾತ್ರ ಮಗನ ಮುಖವನ್ನೇ.

ಶುಕ್ರವಾರ ಅವನು ಆಫೀಸಿಗೆ ಹೋದ. ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ. ಅಡುಗೆಮನೆ ಗುಡಿಸಿ, ಕಸದ ಚೀಲಕ್ಕೆ ಅಚ್ಚುಕಟ್ಟಾಗಿ ಗಂಟು ಹಾಕಿ, ತಮ್ಮೂರಿನಲ್ಲಿ ಮಾಡುವ ಹಾಗೆ ಓಣಿಯ ಮೂಲೆಯಲ್ಲಿಟ್ಟಳು. ಕಾಗೆ ಕೆದಕದಂತೆ ಮುಚ್ಚುವ ಬಲೆ ಎಲ್ಲೂ ಕಾಣಲಿಲ್ಲ. ಎಂಥ ಊರಪ್ಪಾ ಎಂದುಕೊಂಡು ಮೇಲೊಂದು ಕಲ್ಲು ಹೇರಿ ಬಂದಳು.

ಕಾಲು ಗಂಟೆಯಲ್ಲಿ ಬಾಗಿಲು ದಡಬಡ. ತೆಗೆದರೆ ಎದುರು ಮನೆಯ ಕೋ ಅಜ್ಜಿ, ತೊಂಬತ್ತು ದಾಟಿದವಳು. ಒಂದು ಕೈಯಲ್ಲಿ ಕಸ, ಇನ್ನೊಂದರಲ್ಲಿ ಕಲ್ಲು.

"ತಲೆ ಕೆಟ್ಟಿದೆಯಾ ನಿನಗೆ? ಕಸ ಬೀದೀಲಿಟ್ರೆ ದಂಡ ಬೀಳತ್ತೆ!" ಆ ನಾಡನ್ನು ಜಪಾನಿನವರು ಆಳುತ್ತಿದ್ದ ಕಾಲದಲ್ಲಿ ಅಜ್ಜಿ ಶಾಲೆಯಲ್ಲಿ ಕಲಿತ ಜಪಾನಿ ಭಾಷೆ ಬೈಯಲು ಸಾಕಾಗುವಷ್ಟು ಉಳಿದಿತ್ತು.

"ತಪ್ಪಾಯ್ತಮ್ಮ. ಆದ್ರೆ ಇದು ನಮ್ಮನೇದೇ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಕಸಕ್ಕೆ ಮದುವೆ ಉಡುಗೊರೆ ಥರ ಗಂಟು ಹಾಕೋನು ಈ ಓಣೀಲಿ ನಿನ್ನ ಮಗ ಒಬ್ಬನೇ. ಸಂಜೆ ಆರಕ್ಕೆ ಗಾಡಿ ಹಾಡ್ತಾ ಬರತ್ತೆ. ಆಗ ಇಳಿದು ಬಂದು ನಿನ್ನ ಕೈಯಾರೆ ಎಸಿ."

ಆರಕ್ಕೆ ಹಾಡು ಕೇಳಿದ್ದೇ ತಡ, ಓಣಿಗೆ ಓಣಿಯೇ ಚೀಲ ಹಿಡಿದು ಬೀದಿಗಿಳಿಯಿತು. ಒಬ್ಬಳ ತಲೆಗೆ ಟವಲು, ಇನ್ನೊಬ್ಬನ ಬಾಯಲ್ಲಿ ಅರ್ಧ ಅಗಿದ ತುತ್ತು. ಇವಳು ಚೀಲ ಎಸೆದು ತಿರುಗುವಷ್ಟರಲ್ಲಿ ಶೂಜಿಯ ಅಮ್ಮ ಎಂದು ಎಲ್ಲರೂ ಮುತ್ತಿಕೊಂಡರು. ಒಬ್ಬಳು ಕೈಗೆ ಸೀಬೆಹಣ್ಣಿನ ಚೀಲ ತುರುಕಿದಳು. ಅವರ ಮಾತನ್ನೆಲ್ಲ ಅಜ್ಜಿಯೇ ಜಪಾನಿಗೆ ತಿರುಗಿಸಿ ಹೇಳಬೇಕಾಯಿತು.

"ನನ್ನ ಚೀಲಾನೂ ದಿನಾ ಅವನೇ ಹೊರೋದು. ಹೋದ ಚಳಿಗಾಲದಲ್ಲಿ ಎರಡು ಸಂಜೆ ಗಾಡಿ ಹತ್ರ ಕಾಣ್ಲೇ ಇಲ್ಲ. ಇಗೋ, ಈ ದಡಿಯ ಹೋಗಿ ಬಾಗಿಲು ಒಡೆದ. ನೋಡಿದ್ರೆ ಜ್ವರದಲ್ಲಿ ಸುಡ್ತಿದ್ದಾನೆ! ವಾರ ಪೂರ್ತಿ ಸರದಿ ಮೇಲೆ ಗಂಜಿ ಕುಡಿಸಿದ್ವಿ. ನಿನಗೆ ಹೇಳ್ಲಿಲ್ವಾ?"

ಹೇಳಿರಲಿಲ್ಲ. ಕಿಯೊಮಿಗೆ ಹೊಟ್ಟೆ ಉರಿಯಿತು. ತಾನು ಕುಡಿಸಬೇಕಾಗಿದ್ದ ಗಂಜಿ ಅದು. ಜೊತೆಗೇ ವರ್ಷಗಳಿಂದ ಎದೆಯ ಮೇಲೆ ಕೂತಿದ್ದ ಭಾರವೂ ಇಳಿದು ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಶೂಜಿ ಏದುಸಿರು ಬಿಡುತ್ತ ಓಡಿ ಬಂದ.

"ತಡ ಆಯ್ತಲ್ಲೋ! ನಿಮ್ಮಮ್ಮನೇ ಎಸೆದಾಯ್ತು" ಎಂದಳು ಅಜ್ಜಿ. ಅವನು ಓಣಿಯವರ ಭಾಷೆಯಲ್ಲಿ ಏನೋ ಮಾರುತ್ತರ ಕೊಟ್ಟ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವನೂ ನಕ್ಕ. ತನ್ನ ಮಗ ಜನರನ್ನು ನಗಿಸಬಲ್ಲ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಅಜ್ಜಿ ಗುಮಾನಿಯಿಂದ ಅವಳ ತೋಳು ಹಿಡಿದಳು. "ಇವನನ್ನ ಕರ್ಕೊಂಡು ಹೋಗೋಕೆ ಬಂದಿದ್ದೀಯಾ?"

ಶೂಜಿಯ ನಗು ನಿಂತಿತು. ಅಮ್ಮ ಯಾಕೆ ಬಂದಿದ್ದಾಳೆಂದು ಅವನಿಗೆ ಮೊದಲ ದಿನವೇ ಗೊತ್ತಾಗಿತ್ತು.

"ಇಲ್ಲಮ್ಮ" ಎಂದಳು ಕಿಯೊಮಿ, ಮಗನನ್ನೇ ನೋಡುತ್ತ. "ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ."